ಹೆಲ್ದುರ್ ಬಿಟ್ಟುಕೊಟ್ಟ ಮಂತ್ರಿ

ನಾನು ಚದುರಂಗದ ಒಂದು ಬಿಳಿಯ ಕಾಯಿ. ನೀವು ನನ್ನನ್ನು ಮಂತ್ರಿ ಅಂತೀರಿ, ಕೆಲವರು ರಾಣಿ ಅಂತಲೂ ಕರೆಯುತ್ತೀರಿ. ನಾನು ಹುಟ್ಟಿದ ಎಸ್ಟೋನಿಯಾ ದೇಶದಲ್ಲಿ ನನ್ನ ಹೆಸರು 'ಲಿಪ್'. ಲಿಪ್ ಅಂದರೆ ಬಾವುಟ. ರಾಜನ ಪಕ್ಕದಲ್ಲಿ ಅಲ್ಲಿ ಬಾವುಟ ನಿಂತಿರುತ್ತದೆ. ಎಷ್ಟು ಚೆಂದ, ಅಲ್ಲವೇ? ಆ ಚೆಂದವೇ ನಮ್ಮ ಮನೆಗೆ ಮುಳುವಾಯಿತು.

ಸಾರೆಮಾ ಎಂಬ ದ್ವೀಪದಲ್ಲಿ ಮಿಹ್ಕೆಲ್ ಎಂಬ ಬಡಗಿ ಜುನಿಪರ್ ಮರದ ತುಂಡಿನಿಂದ ನನ್ನನ್ನು ಕಡೆದ. ಅವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಇಲ್ಮಾರ್, ಎರಡನೇ ಮಹಾಯುದ್ಧದ ಕೊನೆಯಲ್ಲಿ ರಷ್ಯಾದ ಸೈನ್ಯ ಬರುತ್ತಿದೆ ಅಂತ ಕೇಳಿ ಮೀನುದೋಣಿ ಹತ್ತಿ ಸ್ವೀಡನ್ನಿಗೆ ಹೋದವನು ಅಲ್ಲೇ ಉಳಿದ. ಚಿಕ್ಕವನು ಹೆಲ್ದುರ್, ಆಗತಾನೇ ಮೀಸೆ ಚಿಗುರಿದವನು, ಅಪ್ಪನನ್ನು ಬಿಟ್ಟುಹೋಗಲಾರದೆ ನಿಂತ.

ರಷ್ಯನ್ನರ ಹೊಸ ಸರ್ಕಾರ ದೇಶದ ಹಳೆಯ ಬಾವುಟವನ್ನು ನಿಷೇಧಿಸಿತು. ಒಂದು ಮಧ್ಯಾಹ್ನ ಒಬ್ಬ ಅಧಿಕಾರಿಯೂ ಅವನ ಜನರೂ ಮನೆ ಜಾಲಾಡಲು ಬಂದರು.

"ಬಾವುಟ ಇದೆಯೇನೋ ಮನೇಲಿ?"

"ಇದೆಯಲ್ಲ ಸಾಹೇಬರೇ, ಎರಡಿದೆ" ಅಂದ ಮಿಹ್ಕೆಲ್, ಹಲಗೆಯ ಮೇಲಿದ್ದ ನನ್ನನ್ನೂ ನನ್ನ ಕರಿಯ ಜೋಡಿಯನ್ನೂ ತೋರಿಸುತ್ತ. "ಒಂದು ಬಿಳಿ, ಒಂದು ಕಪ್ಪು. ಯಾವುದು ಕೊಡಲಿ?"

ಬಂದವರಲ್ಲೇ ಒಬ್ಬ ಊರಿನವನು ಕಿಸಕ್ಕನೆ ನಕ್ಕುಬಿಟ್ಟ. ಅಧಿಕಾರಿ ನಗಲಿಲ್ಲ. ಮರುದಿನ ಮಿಹ್ಕೆಲನನ್ನು ಹಿಡಿದೊಯ್ದರು. ಸೈಬೀರಿಯಾದಿಂದ ಅವನು ಮರಳಲೇ ಇಲ್ಲ.

ಹೆಲ್ದುರ್ ನಮ್ಮನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ತಾರ್ತು ಪಟ್ಟಣ ಸೇರಿದ. ಅಲ್ಲಿನ ಚದುರಂಗ ಕ್ಲಬ್ಬಿನಲ್ಲಿ ಕೈ ಪಳಗಿತು, ಹೆಸರು ಬೆಳೆಯಿತು. ಆದರೆ ಒಂದು ಕೊರತೆ. ದೊಡ್ಡ ಆಟಗಾರರು ಗೆಲ್ಲಲೆಂದು ಮಂತ್ರಿಯನ್ನೇ ಬಲಿಕೊಡುವುದುಂಟು. ಹೆಲ್ದುರನಿಗೆ ಅದು ಆಗುತ್ತಲೇ ಇರಲಿಲ್ಲ. ನನ್ನತ್ತ ಚಾಚಿದ ಬೆರಳು ಅರ್ಧದಲ್ಲೇ ಹಿಂದೆ ಸರಿಯುತ್ತಿತ್ತು. ಗೆಲ್ಲುವ ಆಟವನ್ನು ಡ್ರಾ ಮಾಡಿಕೊಂಡು ಎದ್ದುಬಿಡುತ್ತಿದ್ದ.

"ಪ್ರಾಣ ಬೇಕಾದ್ರೆ ಬಿಡ್ತಾನೆ, ಬಾವುಟ ಬಿಡಲ್ಲ ಮಾರಾಯ!" ಎಂದು ಗೆಳೆಯ ಕಾಲ್ಯೊ ಕಾಡುತ್ತಿದ್ದ.

ಒಂದು ವರ್ಷ, ಪಂದ್ಯಾವಳಿ ಗೆದ್ದವನಿಗೆ ಮಾಸ್ಟರ್ ಪಟ್ಟ, ಅದರ ಜೊತೆಗೆ ಸ್ಟಾಕ್‌ಹೋಮಿನಲ್ಲಿ ಆಡುವ ಅವಕಾಶ ಎಂದರು. ಸ್ಟಾಕ್‌ಹೋಮ್ ಅಂದರೆ ಸ್ವೀಡನ್. ಸ್ವೀಡನ್ ಅಂದರೆ ಅಣ್ಣ. ಕೊನೆಯ ಆಟ ಕಾಲ್ಯೊ ಜೊತೆಗೇ ಬಿತ್ತು. ಡ್ರಾ ಆದರೆ ಪಟ್ಟ ಕಾಲ್ಯೊಗೆ. ಕ್ಲಬ್ಬಿನಲ್ಲಿ ನಮ್ಮಷ್ಟು ಚೆನ್ನಾದ ಕಾಯಿಗಳಿರಲಿಲ್ಲವಾದ್ದರಿಂದ ಆ ಮೇಜಿನ ಮೇಲೆ ನಾವೇ ಇದ್ದೆವು.

ಹೆಲ್ದುರ್ ಬಹಳ ಹೊತ್ತು ಹಲಗೆಯನ್ನೇ ನೋಡಿದ. ಅವನಿಗೆ ಕಂಡದ್ದು ನನಗೂ ಕಂಡಿತು: ನಾನು ಸತ್ತರೆ ನಮ್ಮ ಕುದುರೆಗೆ ದಾರಿ. ಈ ಸಲ ಬೆರಳು ಹಿಂದೆ ಸರಿಯಲಿಲ್ಲ. ನನ್ನನ್ನೆತ್ತಿ ಕಾಲ್ಯೊನ ಆನೆಯ ಬಾಯಿಗೇ ಇಟ್ಟ.

"ಏನೋ, ನಿದ್ದೆಗಣ್ಣಾ?" ಕಾಲ್ಯೊ ಪಿಸುಗುಟ್ಟಿದ.

"ತಗೋ."

ಕಾಲ್ಯೊ ನನ್ನನ್ನು ಹೊಡೆದು ಮೇಜಿನಂಚಿಗಿಟ್ಟ. ಅಲ್ಲಿಂದ ಮೊದಲ ಸಲ ನನಗೆ ಇಡೀ ಹಲಗೆ ಒಟ್ಟಿಗೆ ಕಂಡಿತು. ಕುದುರೆ ಹಾರಿತು. ಕರಿಯ ರಾಜ ತನ್ನವರ ನಡುವೆಯೇ ಸಿಕ್ಕಿಬಿದ್ದ. ಕಾಲಿಡಲು ಒಂದು ಮನೆಯೂ ಇರಲಿಲ್ಲ.

ಪಟ್ಟ ಸಿಕ್ಕಿತು. ಪ್ರಯಾಣ ಸಿಗಲಿಲ್ಲ. "ಅಲ್ಲಿ ನಿನ್ನಣ್ಣ ಇದ್ದಾನೆ. ಹೋದ್ರೆ ನೀನು ವಾಪಸ್ ಬರಲ್ಲ" ಅಂದರು ಕಚೇರಿಯಲ್ಲಿ. ಯಾರನ್ನು ಕಾಣಬೇಕೆಂದು ಗೆದ್ದನೋ ಅವನೇ ಅಡ್ಡಿಯಾದ. ಬದಲಿಗೆ ಕಾಲ್ಯೊನನ್ನು ಕಳಿಸಿದರು.

ಹೊರಡುವ ದಿನ ಕಾಲ್ಯೊ ತಲೆ ತಗ್ಗಿಸಿಕೊಂಡು ಬಂದ. ಹೆಲ್ದುರ್ ನನ್ನನ್ನು ಅವನ ಕೋಟಿನ ಜೇಬಿಗೆ ಹಾಕಿದ.

"ಹೊಡೆದವನು ನೀನೇ ತಾನೆ? ತಲುಪಿಸೋನೂ ನೀನೇ. ಅಪ್ಪ ಮಾಡಿದ್ದು ಅಂತ ಅಣ್ಣನಿಗೆ ಹೇಳು."

"ಮತ್ತೆ ನಿನ್ನ ಆಟಕ್ಕೆ?"

"ಬಾಟಲಿ ಬಿರಡೆ ಇಟ್ಕೋತೀನಿ. ಹೊರಡು, ಹೊತ್ತಾಯ್ತು."

ಸ್ಟಾಕ್‌ಹೋಮಿನಲ್ಲಿ, ಊರಿನ ಆಟಗಾರ ಬಂದಿದ್ದಾನೆಂದು ಪತ್ರಿಕೆಯಲ್ಲಿ ಓದಿ ಬಂದಿದ್ದ ಇಲ್ಮಾರ್, ಆಟದ ಸಭಾಂಗಣದ ಬಾಗಿಲ ಬಳಿ ಕಾಲ್ಯೊ ಕೊಟ್ಟ ನನ್ನನ್ನು ಅಂಗೈಯಲ್ಲಿ ಹಿಡಿದು ನಿಂತ.

"ದಪ್ಪಗಾಗಿದ್ದಾನಾ?"

"ಇಲ್ಲ. ತಲೆ ಬೋಳಾಗಿದೆ."

"ಅಪ್ಪನಿಗೂ ಹಾಗೇ..." ಅಂದವನು ನನ್ನನ್ನು ಎದೆಯ ಜೇಬಿಗೆ ಹಾಕಿಕೊಂಡ.

ಈಗ ನಾನು ಇಲ್ಮಾರನ ಮನೆಯ ಕಿಟಕಿಕಟ್ಟೆಯ ಮೇಲಿದ್ದೇನೆ. ಬಣ್ಣ ಜೇನಿನಂತಾಗಿದೆ, ಬುಡ ಸೀಳಿದೆ. ಅವನಿಗೆ ಚದುರಂಗ ಬಾರದು. ಆದರೂ ಪತ್ರಿಕೆಯಲ್ಲಿ ಹೆಲ್ದುರನ ಹೆಸರು ಬಂದಾಗಲೆಲ್ಲ ನನ್ನೆದುರು ಕೂತು ಗಟ್ಟಿಯಾಗಿ ಓದುತ್ತಾನೆ. ಮಾಸ್ಟರ್ ಊರೂರು ಸುತ್ತಿ ಆಡಿದ; ಈ ಕಡಲು ದಾಟಲು ಮಾತ್ರ ಬಿಡಲಿಲ್ಲ. ಯಾವ ದಿಕ್ಕಿಗೆ ಬೇಕಾದರೂ ಓಡಬಲ್ಲ ಕಾಯಿ ನಾನು. ನನ್ನನ್ನು ನಡೆಸಿದವನಿಗೆ ಆ ಭಾಗ್ಯವಿರಲಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಮೊನ್ನೆ ಪಕ್ಕದ ಮನೆಯ ಮುದುಕಿ ಬಂದಿದ್ದಳು. "ಒಂದೇ ಇದೆಯಲ್ಲ! ಯಾರದಿದು?" ಅಂದಳು.

ಇಲ್ಮಾರ್ ನನ್ನನ್ನು ಬಿಸಿಲು ಬೀಳುವ ಕಡೆ ಸರಿಸಿಟ್ಟ.

"ನನ್ನ ತಮ್ಮ" ಅಂದ. "ಬಂದು ಬಹಳ ವರ್ಷ ಆಯ್ತು."