ಬಚ್ಚಲಿನ ಬಾಗಿಲು

ಕಿಟಕಿ ಕೆಲಸದವನಿಗೆ ಗಿರಾಕಿಗಳು ಇಟ್ಟಿದ್ದ ಹೆಸರು ಬಿರುಕು ಡಾಕ್ಟರ್. ಮನೆಗೆ ಕಾಲಿಟ್ಟವನೇ ಮೇಣದಬತ್ತಿ ಹಚ್ಚಿಕೊಂಡು ಗೋಡೆಯುದ್ದಕ್ಕೂ ಸುತ್ತುತ್ತಿದ್ದ. ಉರಿ ಎಲ್ಲಿ ಬಾಗಿತೋ ಅಲ್ಲಿ ಗಾಳಿ ನುಸುಳುತ್ತಿದೆ ಎಂದರ್ಥ; ಅಲ್ಲಿಗೆ ಫೋಮ್ ತುಂಬಿದ ಮೇಲೇ ಮುಂದಿನ ಹೆಜ್ಜೆ. ಕೊನೆಗೆ ಉರಿ ಅಲುಗದೆ ನಿಂತಾಗ, "ಇನ್ನು ಚಳಿಗೆ ಈ ಮನೆ ಅಡ್ರೆಸ್ ಸಿಗಲ್ಲ ಬಿಡಿ" ಎಂದು ಜಂಬ ಕೊಚ್ಚದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಆ ಸೋಮವಾರ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಹಳೆಯ ಕಿಟಕಿ ಕಿತ್ತು, ಜೋಡಿ ಗಾಜಿನ ಹೊಸದನ್ನು ಕೂರಿಸುವುದರಲ್ಲಿದ್ದ. ಬಚ್ಚಲಿನ ಗೋಡೆಯ ಮೇಲ್ತುದಿಯಲ್ಲಿ ಅಂಗೈಯಗಲದ ತೂತು ಕಂಡಿತು. ಕೈ ತಾನಾಗಿಯೇ ಫೋಮ್ ಡಬ್ಬಿಗೆ ಹೋಯಿತು.

"ಏಯ್, ಅದನ್ನ ಮುಚ್ಬೇಡಪ್ಪ!" ಮೇಷ್ಟ್ರು ಓಡಿ ಬಂದರು. "ಇಲ್ಲಿ ಗ್ಯಾಸ್ ಗೀಸರ್ ಇದೆ. ಅದರ ಹೊಗೆ ಹೋಗೋಕೆ ದಾರಿ ಬೇಡ್ವಾ? ಆ ವಿಷಗಾಳಿಗೆ ವಾಸನೇನೂ ಇರಲ್ಲ. ಸ್ನಾನಕ್ಕೆ ಹೋದವರು ಹೆಣವಾಗಿ ಬರ್ತಾರೆ."

"ಗೊತ್ತು ಬಿಡಿ ಸಾರ್, ಇಪ್ಪತ್ತು ವರ್ಷದಿಂದ ಇದೇ ಕೆಲಸ," ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು.

ನಿನ್ನೆ ಅಕ್ಕನ ಮನೆಗೆ ಹೋಗಿದ್ದ. ಕಂಡವರ ಗೋಡೆಗೆಲ್ಲ ಹೊದಿಕೆ ಹೊದಿಸಿ, ತಾಯಿಯಿಲ್ಲದ ತನ್ನನ್ನು ಸಾಕಿದ ಅಕ್ಕನನ್ನು ಚಳಿಯಲ್ಲಿ ನಡುಗಲು ಬಿಟ್ಟೆನಲ್ಲ ಎಂಬ ನಾಚಿಕೆಗೆ ಒಂದೇ ದಿನದಲ್ಲಿ ಮನೆಯ ಸಂದುಗೊಂದನ್ನೆಲ್ಲ ಮುಚ್ಚಿದ್ದ. ಅಲ್ಲಿನ ಬಚ್ಚಲಲ್ಲೂ ಉರಿ ಬಾಗಿತ್ತು. ಅಲ್ಲೂ ಇಂಥದೇ ತೂತಿತ್ತು, ಗ್ಯಾಸ್ ಗೀಸರಿನ ತಲೆಯ ಮೇಲೆಯೇ. ಬಾಗಿದ ಉರಿ ಕಂಡರೆ ಅವನ ಕೈ ತಲೆಯ ಮಾತು ಕೇಳುವುದಿಲ್ಲ.

ಗಡಿಯಾರ ನೋಡಿದ. ಹತ್ತಾಗಿತ್ತು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುವ ಅಕ್ಕ ಸ್ನಾನ ಮಾಡುವ ಹೊತ್ತು. ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ.

"ಸಾರ್, ಈಗ ಬಂದೆ."

"ಗೋಡೇಲಿ ಇಷ್ಟು ದೊಡ್ಡ ಕಂಡಿ ಬಿಟ್ಟು ಎಲ್ಲಿಗೆ ಹೊರಟ್ಯೋ?" ಎಂದು ಮೇಷ್ಟ್ರು ಕೂಗುತ್ತಿರುವಾಗಲೇ ಸ್ಕೂಟರ್ ರಸ್ತೆಗೆ ಬಿದ್ದಿತ್ತು.

ಸಿಗ್ನಲ್‌ನಲ್ಲಿ ಕೆಂಪು ದೀಪ ಆರುವುದೇ ಇಲ್ಲವೇನೋ ಎನಿಸಿತು. ಮುಳ್ಳಿನ ಮೇಲೆ ನಿಂತವನಂತೆ ಕಾಲು ಬದಲಿಸುತ್ತ ಐದನೇ ಸಲ ಫೋನ್ ಮಾಡಿದ. ಅಕ್ಕನಿಗೆ ಬಚ್ಚಲಿನ ಬಾಗಿಲು ಅರೆ ತೆರೆದಿಟ್ಟು ಸ್ನಾನ ಮಾಡುವ ಅಭ್ಯಾಸ. ಅದಕ್ಕೂ ನಿನ್ನೆ ರೇಗಿದ್ದ. "ಬಿಸಿಯೆಲ್ಲ ಹೊರಗೆ ಹೋದ್ರೆ ನಾನು ಮೈಮುರಿದು ಮಾಡಿದ್ದು ಹೊಳೇಲಿ ಹುಣಸೆ ತೊಳೆದ ಹಾಗಲ್ವಾ? ಬಾಗಿಲು ಹಾಕ್ಕೋ." "ಆಯ್ತಪ್ಪ, ನಾಳೆಯಿಂದ ಹಾಕ್ಕೋತೀನಿ," ಎಂದಿದ್ದಳು. ಅಕ್ಕ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಅದು ನೆನಪಾಗಿ ಅವನ ಜೀವ ಬಾಯಿಗೆ ಬಂತು.

ಮನೆ ಸೇರಿ ತನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದು ಒಳಗೆ ನುಗ್ಗಿದ. ಬಚ್ಚಲಿನ ಬಾಗಿಲು ಅರೆ ತೆರೆದಿತ್ತು. ಅಕ್ಕ ಒದ್ದೆ ಕೂದಲಲ್ಲೇ ಪಡಸಾಲೆಯ ಕುರ್ಚಿಯಲ್ಲಿ ಹಣೆ ಹಿಡಿದು ಕೂತಿದ್ದಳು.

"ಯಾಕೋ ತಲೆ ಸಿಡೀತಿದೆ ಕಣೋ. ನಿದ್ದೆಗೆಟ್ಟಿದ್ದಕ್ಕೇ ಇರ್ಬೇಕು," ಎಂದಳು. ಊರವರ ರೋಗಗಳನ್ನೆಲ್ಲ ಬಲ್ಲ ನರ್ಸಮ್ಮನಿಗೆ ತನ್ನದು ಹೊಳೆದಿರಲಿಲ್ಲ.

ಅವನು ಅವಳನ್ನು ಎಬ್ಬಿಸಿ ಅಂಗಳಕ್ಕೆ ಕರೆತಂದು ಕೂರಿಸಿದ. ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದ. ಸ್ಟೂಲ್ ಹತ್ತಿ, ನಿನ್ನೆ ತುಂಬಿದ್ದ ಫೋಮನ್ನು ಸ್ಕ್ರೂಡ್ರೈವರಿನಿಂದ ಬಗೆದು ಬಗೆದು ಕಿತ್ತ. ಹೊರಗೆ ಬಂದು ಅವಳ ಕಾಲ ಬಳಿ ಕೂತ.

"ಬಾಗಿಲು... ಹಾಕಿರ್ಲಿಲ್ವಾ?"

"ಬೈಬೇಡ್ವೋ, ಮರೆತೆ," ಎಂದಳು ಅಕ್ಕ, ತಪ್ಪು ಮಾಡಿದವಳಂತೆ. "ಚಿಕ್ಕವನಿದ್ದಾಗ ನಾನು ಸ್ನಾನಕ್ಕೆ ಹೋಗಿ ಬಾಗಿಲು ಹಾಕಿದ್ರೆ ಸಾಕು, ನೀನು ಹೊಸಿಲ ಮೇಲೆ ಕೂತು ಉಸಿರು ಕಟ್ಟೋ ಹಾಗೆ ಅಳ್ತಿದ್ದೆ. ಆಗಿನಿಂದ ತೆಗೆದೇ ಇಡ್ತೀನಿ. ಹಾಳು ಅಭ್ಯಾಸ, ಬಿಡಕ್ಕೇ ಆಗಲ್ಲ. ನಾಳೆಯಿಂದ ಖಂಡಿತ ಹಾಕ್ಕೋತೀನಿ."

"ಬೇಡಕ್ಕ," ಎಂದವನೇ ಅವಳ ಮಡಿಲಿಗೆ ತಲೆಯಿಟ್ಟು, ಹೊಸಿಲ ಮೇಲಿನ ಆ ಹುಡುಗನಂತೆಯೇ ಅತ್ತ.