ಬಲಕ್ಕೆ ನಾಯಿ ಒಂದು, ಮಲಗಿದೆ

ಹಂಪಯ್ಯನವರ ಗ್ರಂಥಾಲಯದಲ್ಲಿ ಅಂತರ್ಜಾಲದ ಪುಟ ಓದಬೇಕೆಂದರೆ ಮೊದಲು ಕೈ ತೊಳೆದುಕೊಂಡು ಬರಬೇಕು. ಪುಟ ಇರುವುದು ಗಾಜಿನ ಹಿಂದೆ, ಅದನ್ನು ಇಟ್ಟುಕೊಂಡಿರುವವರು ಸಮುದ್ರದಾಚೆ, ನಮ್ಮ ಕೈಕೊಳೆ ಅಲ್ಲಿಗೆ ಹೋಗಿ ಅಂಟುವುದಾದರೂ ಹೇಗೆ ಎಂದು ಹೊಸದಾಗಿ ಬಂದ ವಿದ್ಯಾರ್ಥಿಗಳು ಕೇಳುವುದುಂಟು. ಹಂಪಯ್ಯನವರು ವಾದಕ್ಕೆ ಇಳಿಯುವವರಲ್ಲ. ಮೆಟ್ಟಿಲ ತಿರುವಿನ ನಲ್ಲಿಯನ್ನೂ ಅದಕ್ಕೆ ದಾರ ಕಟ್ಟಿ ಇಳಿಬಿಟ್ಟ ಸಾಬೂನನ್ನೂ ಗದ್ದದಿಂದಲೇ ತೋರಿಸುತ್ತಾರೆ. ತೊಳೆದುಕೊಂಡು ಬಂದವರ ಹತ್ತೂ ಬೆರಳುಗಳನ್ನು ಕನ್ನಡಕದ ಮೇಲಿನಿಂದ ನೋಡಿ, "ಪಾಸ್" ಎನ್ನುತ್ತಾರೆ. ಆಮೇಲೆ ಗಣಕಯಂತ್ರದ ಮುಂದಿನ ಕುರ್ಚಿ ಸಿಗುತ್ತದೆ.

ಹೈದರಾಬಾದಿನ ಅಬಿಡ್ಸ್‌ನ ಒಂದು ಗಲ್ಲಿಯಲ್ಲಿ, ಹಳೆಯ ಪಠ್ಯಪುಸ್ತಕ ಮಾರುವ ಅಂಗಡಿಯ ಮೇಲೆ, ನಮ್ಮ ಕನ್ನಡ ಸಂಘದ ಒಂದೇ ಒಂದು ಕೋಣೆಯ ಗ್ರಂಥಾಲಯವಿದೆ. ಸೋಮವಾರ ಗುಡಿಯಿಂದ ಮರಳುವಾಗ ನಾನು ಅಲ್ಲಿ ಕೂತು ಒಂದಿಷ್ಟು ಪುರಾಣ ಓದುತ್ತೇನೆ. ಹಾಗಾಗಿ ಈ ಕಥೆಯಲ್ಲಿ ಕೆಲವಷ್ಟು ಕಣ್ಣಾರೆ ಕಂಡದ್ದು. ಉಳಿದದ್ದು ಹಂಪಯ್ಯನವರ ಮಡದಿ ಗುರುದೇವಿಯವರೂ ಪಿಂಕಿ ಎಂಬ ಹುಡುಗಿಯೂ ಹೇಳಿದ್ದು.

ಹಂಪಯ್ಯನವರು ಮೂವತ್ತೊಂದು ವರ್ಷ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದವರು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಅಲ್ಲಿ ತೊಡುತ್ತಿದ್ದ ಮೊಣಕಾಲುದ್ದದ ಬಿಳಿ ಕೋಟು ಮೈಮೇಲಿಂದ ಇಳಿದಿಲ್ಲ. ಜೇಬಿನ ಮೇಲಿದ್ದ ಕಂಪನಿಯ ಹೆಸರನ್ನು ಗುರುದೇವಿಯವರು ಬಿಚ್ಚಿ ತೆಗೆದಿದ್ದಾರೆ, ಆದರೆ ಸೂಜಿಯ ತೂತುಗಳಲ್ಲಿ ಅದನ್ನು ಈಗಲೂ ಓದಬಹುದು. ಕಾರ್ಖಾನೆಯಲ್ಲಿ ಗಾಡಿಗಳು ನಡುವೆ, ಮನುಷ್ಯರು ಗೋಡೆಯ ಪಕ್ಕದ ಹಳದಿ ಗೆರೆಯೊಳಗೆ ಎಂಬ ನಿಯಮವಿತ್ತಂತೆ. ಅದರಿಂದಾಗಿ ಅವರು ಅಬಿಡ್ಸ್‌ನ ಆಟೋ, ಬಸ್ಸು, ತಳ್ಳುಗಾಡಿಗಳ ಜಾತ್ರೆಯಲ್ಲೂ ಗೋಡೆಗೆ ಗೇಣು ದೂರದಲ್ಲಿ, ತಮಗೊಬ್ಬರಿಗೇ ಕಾಣುವ ಗೆರೆಯೊಂದನ್ನು ತುಳಿಯದೆ ನೆಟ್ಟಗೆ ನಡೆಯುತ್ತಾರೆ. ಗೋಡೆಗೆ ಒರಗಿ ನಿಂತ ಸೈಕಲ್ಲು ಎದುರಾದರೆ ಸುತ್ತಿ ಹೋಗುವುದಿಲ್ಲ. ಸೈಕಲ್ಲಿನವನು ಬರುವ ತನಕ ಕಾಯುತ್ತಾರೆ.

ಜಗತ್ತಿನ ವಸ್ತುಗಳೆಲ್ಲ ಅವರಿಗೆ ಎರಡೇ ಬಗೆ: ಪಾಸ್ ಆದದ್ದು, ಹೋಲ್ಡ್‌ನಲ್ಲಿರುವುದು. ಅನುಮಾನ ತೀರುವ ತನಕ ಪಕ್ಕಕ್ಕಿಟ್ಟದ್ದು ಹೋಲ್ಡ್, ಅದಕ್ಕೆ ಹಳದಿ ಚೀಟಿ. "ನಮ್ಮ ಮನ್ಯಾಗ ಬ್ಯಾಳಿ ಸಾರು ಹೋಲ್ಡ್ ಆಗಿ ಮೂವತ್ತ್ ವರ್ಷ ಆತ್ರಿ," ಎನ್ನುತ್ತಾರೆ ಗುರುದೇವಿಯವರು. "ಪಾಸ್ ಅಂದದ್ದು ಒಮ್ಮೆನ. ಅದೂ ನಮ್ಮವ್ವ ಬಂದು ಮಾಡಿದ್ದಕ್ಕ."

ಕಾರ್ಖಾನೆಯಲ್ಲಿ ಅವರ ಸುಪರ್ದಿಗೆ ಇದ್ದದ್ದು ಮಾದರಿಗಳ ಕೋಣೆ. ತಯಾರಾದ ಗುಳಿಗೆಯ ಪ್ರತಿ ಬ್ಯಾಚಿನಿಂದ ಒಂದಿಷ್ಟನ್ನು ಮಾರದೆ ಚೀಟಿ ಅಂಟಿಸಿ ಬೀಗದೊಳಗೆ ಇಡುವುದು. ಮುಂದೆ ಯಾರಾದರೂ ದೂರು ತಂದರೆ ತೆಗೆದು ಪರೀಕ್ಷಿಸುವುದು. ಮೂವತ್ತೊಂದು ವರ್ಷದಲ್ಲಿ ಅವರು ಕಾಯ್ದ ಯಾವ ಮಾದರಿಯನ್ನೂ ಯಾರೂ ಕೇಳಿ ಬರಲಿಲ್ಲ. ಅವಧಿ ಮುಗಿದ ಮೇಲೆ ತಾವೇ ನಾಶಪಡಿಸಿ, ತಾವೇ ಸಹಿ ಹಾಕುತ್ತಿದ್ದರು. ಇದನ್ನು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ತಗ್ಗುತ್ತದೆ.

ಇಂಥವರ ಕೈಗೆ ಸಂಘದ ತರುಣ ಕಾರ್ಯದರ್ಶಿ ಶ್ರೀಹರ್ಷ ಒಂದು ಗಣಕಯಂತ್ರವನ್ನು ಕೊಟ್ಟ. ಇತಿಹಾಸ, ಸಂಸ್ಕೃತಿ ಓದುವ ಮಕ್ಕಳಿಗೆ ಉಪಯೋಗವಾಗಲೆಂದು ವಿಶ್ವಕೋಶ, ಹಳೆಯ ಪತ್ರಿಕೆ, ದೂರದೇಶದ ಗ್ರಂಥಾಲಯಗಳ ಚಿತ್ರಸಂಗ್ರಹ ಇವೆಲ್ಲಕ್ಕೂ ಚಂದಾ ಕಟ್ಟಿಸಿದ. "ಇನ್ನ ರಿಜಿಸ್ಟರ್ ಗಿಜಿಸ್ಟರ್ ಏನೂ ಬ್ಯಾಡ್ರಿ ಕಾಕಾ, ಎಲ್ಲಾ ಆನ್‌ಲೈನ್," ಎಂದು ಹೇಳಿ ಹೋದ. ಮರುದಿನವೇ ಹಂಪಯ್ಯನವರು ನಾನೂರು ಹಾಳೆಯ ದಪ್ಪ ವಹಿಯೊಂದನ್ನು ಕೊಂಡು ತಂದರು.

ತೆರೆದ ಪ್ರತಿ ಪುಟಕ್ಕೂ ಅದರಲ್ಲಿ ಒಂದು ಸಂಖ್ಯೆ. ಯಾರು ತೆರೆದರು, ಎಷ್ಟು ಹೊತ್ತಿಗೆ, ಪುಟದ ವಿಳಾಸ, ಪುಟದ ಸ್ಥಿತಿ, ಮರಳಿಸಿದ್ದಕ್ಕೆ ಸಹಿ. ಕಿಟಕಿ ಮುಚ್ಚಿದರೆ ಮರಳಿಸಿದ ಹಾಗೆ. ಒಬ್ಬ ವಿದ್ಯಾರ್ಥಿ ಓದುತ್ತಿದ್ದ ಪುಸ್ತಕವನ್ನು ಇನ್ನೊಬ್ಬ ತನ್ನ ಫೋನಿನಲ್ಲೂ ತೆರೆಯಹೋದರೆ, "ಅದು ಹೊರಗ ಹೋಗೇತಿ. ಅವ ಕೊಟ್ಟ ಮ್ಯಾಲೆ ನೀ ತಗೋ," ಎಂದು ತಡೆದರು. ಪ್ರತಿಯೊಂದು ಪುಟವನ್ನೂ ಮಾದರಿಗೆಂದು ಮುದ್ರಿಸಿ ಇಡತೊಡಗಿದಾಗ ಒಂದೇ ತಿಂಗಳಿಗೆ ಮಸಿ ತೀರಿತು, ಮತ್ತೆ ತುಂಬಿಸಲು ಶ್ರೀಹರ್ಷ ಒಪ್ಪಲಿಲ್ಲ. ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಮಾಯವಾದರು. ಉಳಿದವಳು ಪಿಂಕಿ.

ಅವಳ ಮನೆಯವರು ಯಾದಗಿರಿ ಕಡೆಯಿಂದ ಬಂದು ಶಂಶಾಬಾದಿನಲ್ಲಿ ನೆಲೆಸಿದವರು. ತಂದೆ ಮೌನಪ್ಪ ಹೊಸ ಕಟ್ಟಡಗಳಿಗೆ ನೆಲದ ಕಲ್ಲು ಹಾಸುವವನು. ಮನೆಗೊಂದೇ ಫೋನು, ಅದು ಹಗಲೆಲ್ಲ ಅವನ ಜೇಬಿನಲ್ಲಿ. ಪಿಂಕಿ ಪದವಿಯ ಕೊನೆಯ ವರ್ಷದಲ್ಲಿದ್ದಳು, ಇತಿಹಾಸದ ವಿದ್ಯಾರ್ಥಿನಿ. ಕೊನೆಯ ಪ್ರಬಂಧ ಪಾಸಾದರೆ ಎಂ.ಎ.ಗೆ ಕಳಿಸುತ್ತೇನೆಂದೂ, ಇಲ್ಲವಾದರೆ ಜೀಡಿಮೆಟ್ಲಾದಲ್ಲಿ ಗುಳಿಗೆ ಡಬ್ಬಿಗೆ ತುಂಬುವ ಕೆಲಸ ನೋಡಿಟ್ಟಿದ್ದೇನೆಂದೂ ಮೌನಪ್ಪ ಹೇಳಿದ್ದ. ಅವನು ಮಾತಾಡುವುದೇ ಅಪರೂಪ, ಆಡಿದ ಮೇಲೆ ಬದಲಿಸುವವನಲ್ಲ.

ಅವಳು ಆರಿಸಿಕೊಂಡ ವಿಷಯ ತಮ್ಮ ಕಡೆಯಿಂದ ಬಂದು ಈ ಊರಿನ ಹಳೆಯ ಮನೆಗಳಿಗೆ ಶಹಾಬಾದ್ ಕಲ್ಲು ಹೊತ್ತ ಹೆಂಗಸರು. ಕಲ್ಲಿನ ಹೆಸರು ಬರೆದು ಹುಡುಕಿದರೆ ತೆರೆಯ ತುಂಬ ಕಲ್ಲು ಮಾರುವ ಅಂಗಡಿಗಳೇ ಬಂದವು.

"ಹುಡುಕೂದಂದ್ರ ಕಸಾ ಗುಡಿಸಿದಂಗ. ಮೊದಲ ಮೂಲಿ ಹಿಡೀಬೇಕು," ಎಂದರು ಹಂಪಯ್ಯನವರು. "ಇಸವಿ ಹಾಕು. ಊರಿನ ಹಳೇ ಸ್ಪೆಲ್ಲಿಂಗ್ ಹಾಕು. ಚಿತ್ರ ಅಷ್ಟ ಬೇಕು ಅನ್ನು."

ಮೂರನೆಯ ವಾರಕ್ಕೆ ಒಂದು ಚಿತ್ರ ಸಿಕ್ಕಿತು. ಅರ್ಧ ಎದ್ದ ಕಟ್ಟಡ, ತಲೆಯ ಮೇಲೆ ಹಾಸುಗಲ್ಲು ಹೊತ್ತ ಹೆಂಗಸರು. ಕೆಳಗೆ "ಹೈದರಾಬಾದ್, ಕೆಲಸದಾಳುಗಳು" ಎಂಬಷ್ಟೇ ಬರಹ. ಪಿಂಕಿ ಕುರ್ಚಿಯಿಂದ ಎದ್ದು ಕುಣಿದಳು. ಹಂಪಯ್ಯನವರು ವಹಿ ಬಿಡಿಸಿದರು. ವಿಳಾಸವನ್ನು ಒಂದೊಂದೇ ಅಕ್ಷರವಾಗಿ, "ವಾರೆಗೆರೆ, ವಾರೆಗೆರೆ, ಚುಕ್ಕಿ" ಎಂದು ಗಟ್ಟಿಯಾಗಿ ಹೇಳುತ್ತ ಬರೆದುಕೊಂಡರು. ಚಿತ್ರದ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗಿದ್ದ ಸಂಗ್ರಹದ ಸಂಖ್ಯೆಯನ್ನೂ ಬಿಡಲಿಲ್ಲ. ಮುದ್ರಿಸಲು ಮಸಿಯಿಲ್ಲವಾದ್ದರಿಂದ ಚಿತ್ರವನ್ನೇ ಮಾತಿನಲ್ಲಿ ಇಳಿಸಿದರು: "ಹೆಂಗಸರು ಏಳು. ಕಲ್ಲು ನಾಲ್ಕು. ಏಣಿ ಒಂದು, ಮೂರನೆಯ ಮೆಟ್ಟಿಲಿಲ್ಲ. ಬಲಕ್ಕೆ ನಾಯಿ ಒಂದು, ಮಲಗಿದೆ."

"ಕಾಕಾ, ನನ್ನ ಬಸ್ ಹೊಂಟೈತ್ರಿ! ನಾಯಿ ಯಾಕ ಬರಿಯಾಕತ್ತೀರಿ?"

"ಅದೂ ಅಲ್ಲೇ ಐತಲ್ಲವಾ."

ಬಸ್ಸು ತಪ್ಪಿತು. ಅಷ್ಟೆಲ್ಲ ಮಾಡಿಯೂ ಚಿತ್ರಕ್ಕೆ ಬಿದ್ದದ್ದು ಹಳದಿ ಚೀಟಿಯೇ. ಈ ಹೆಂಗಸರು ಯಾವ ಕಡೆಯವರು ಎಂದು ಎಲ್ಲಿ ಬರೆದಿದೆ? ಎರಡನೇ ಸಾಕ್ಷಿ ಬೇಕು.

"ನಮ್ಮಜ್ಜಿ ಕಲ್ಲ ಹೊತ್ತಾಕೀನ ಅದಾಳ್ರಿ. ನೋಡಿದ್ರ ಹೇಳ್ತಾಳ."

"ಕರಕೊಂಡ್ ಬಾ. ನೋಡೂಣು."

ಅಜ್ಜಿ ಸೂಗಮ್ಮ ಬಂದ ಸೋಮವಾರ ನಾನು ಅಲ್ಲಿದ್ದೆ. ಅವಳಿಗೂ ಸಾಬೂನು ತಪ್ಪಲಿಲ್ಲ. "ಪೂಜಿ ಐತೇನ್ರಿ ಸಾಹೇಬ್ರ?" ಎಂದು ಕೇಳಿ, ಕಾಲನ್ನೂ ತೊಳೆದುಕೊಂಡು ಬಂದಳು. ತೆರೆಯ ಮುಂದೆ ಮೂಗು ತಾಗುವಷ್ಟು ಬಾಗಿ ನೋಡಿ, "ನಮ್ಮ ಕಡಿಯಾವ್ರ," ಎಂದಳು.

"ಹೆಂಗ ಹೇಳ್ತೀರಿ?"

"ಸಿಂಬಿ ನೋಡ್ರಿ. ಬಾಲ ಹೊರಗ ಬಿಟ್ಟಾರ. ಬ್ಯಾರೆ ಮಂದಿ ಒಳಗ ಸಿಗಸ್ತಾರ. ನಾವು ಬಿಡ್ತೀವಿ, ಕಲ್ಲ ಜಾರಿದ್ರ ಆ ಬಾಲ ಜಗ್ಗಿದ್ರ ಸಾಕು, ಹಿಂದಕ್ಕ ಬೀಳ್ತೈತಿ, ಕಾಲ ಮ್ಯಾಲೆ ಬೀಳೂದಿಲ್ಲ."

ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ಸಿಂಬಿ ಸುತ್ತಲು ಬಟ್ಟೆ ಬೇಕಲ್ಲ? ಕೋಣೆಯಲ್ಲಿ ಇದ್ದದ್ದು ಪುಸ್ತಕ ಒರೆಸುವ ಎರಡು ಗೇಣಿನ ಚಿಂದಿ. ಹಂಪಯ್ಯನವರು ಅತ್ತ ನೋಡಿದರು, ಇತ್ತ ನೋಡಿದರು, ಒಂದೊಂದೇ ಗುಂಡಿ ಬಿಚ್ಚಿ ಕೋಟು ತೆಗೆದರು. ಒಳಗೆ ತೆಳ್ಳಗಿನ ಅಂಗಿಯ ತೆಳ್ಳಗಿನ ಮನುಷ್ಯ. ನಾವಾರೂ ಅವರನ್ನು ಹಾಗೆ ಕಂಡಿರಲಿಲ್ಲ. ಸೂಗಮ್ಮ ಆ ಕೋಟನ್ನು ಕ್ಷಣಾರ್ಧದಲ್ಲಿ ಹೊಸೆದು ತಲೆಗಿಟ್ಟು, ಒಂದು ತೋಳನ್ನು ಬಾಲವಾಗಿ ಬೆನ್ನಿಗೆ ಬಿಟ್ಟು, ನಾನೂರು ಹಾಳೆಯ ವಹಿಯನ್ನೇ ಕಲ್ಲಾಗಿ ಹೊತ್ತು ಕೋಣೆಯ ಉದ್ದಕ್ಕೂ ನಡೆದಳು. ನಡುವೆ ಬೇಕೆಂತಲೇ ಜಾರಿಸಿ, ತೋಳು ಜಗ್ಗಿದಳು. ವಹಿ ಧಪ್ಪೆಂದು ಹಿಂದಕ್ಕೆ ಬಿತ್ತು.

"ಪಾಸ್," ಎಂದರು ಹಂಪಯ್ಯನವರು.

ವಹಿಯ ಧೂಳು ಒರೆಸಿ ಅಲ್ಲೇ ಬರೆದರು: "ಆಕರ ಸಂಖ್ಯೆ ೪೧೨. ಸೂಗಮ್ಮ, ಶಂಶಾಬಾದ್. ಸ್ಥಿತಿ: ಹಳೆಯದು." ಬರೆದದ್ದನ್ನು ಓದಿ ಹೇಳುವುದು ಅವರ ಕ್ರಮ. ಸೂಗಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಹಳೇದು ಅಂತ ಬರದ್ರಿ? ನೀವೇನು ನಿನ್ನೆ ಹುಟ್ಟೀರೇನ್ರಿ?"

ಕಾರ್ಖಾನೆಯ ನಿಯಮದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಿದ್ದಿ, ಸಹಿ ಮತ್ತು ದಿನಾಂಕ ಹಾಕಬೇಕು. ಹಾಗೆಯೇ ಮಾಡಿದರು. "ಹಳೆಯದು" ಎಂಬುದರ ಮೇಲೆ ಗೆರೆ ಬಿತ್ತು, ಪಕ್ಕದಲ್ಲಿ "ಬಳಕೆಯಲ್ಲಿದೆ" ಎಂದು ಬಂತು.

ಎರಡು ತಿಂಗಳ ಮೇಲೆ ಒಂದು ಗುರುವಾರ ಪಿಂಕಿ ಅಳುತ್ತ ಮೆಟ್ಟಿಲು ಹತ್ತಿ ಬಂದಳು. ಕೈ ತೊಳೆಯುವುದನ್ನೂ ಮರೆತಿದ್ದಳು. ಪ್ರಬಂಧ ತಿದ್ದುವ ಉಷಾ ಮೇಡಂ ಅವಳು ಕೊಟ್ಟ ವಿಳಾಸವನ್ನು ತೆರೆದರೆ ಅಲ್ಲಿ ಪುಟವೇ ಇಲ್ಲ. ಅದೇ ವಾರ ಇಬ್ಬರು ವಿದ್ಯಾರ್ಥಿಗಳು ಕೃತಕ ಬುದ್ಧಿಯ ಯಂತ್ರದಿಂದ ಪ್ರಬಂಧ ಬರೆಸಿ, ಯಾರೂ ಬರೆಯದ ಪುಸ್ತಕಗಳ ಪಟ್ಟಿ ಕೊಟ್ಟು ಸಿಕ್ಕಿಬಿದ್ದಿದ್ದರು. ಇದೂ ಹಾಗೆ ಹುಟ್ಟಿಸಿದ ಚಿತ್ರವೆಂದು ಮೇಡಂ ತಿಳಿದಿದ್ದರು. ಶನಿವಾರ ಮಧ್ಯಾಹ್ನಕ್ಕೆ ಅಂಕಪಟ್ಟಿ ಹೋಗುತ್ತದೆ. ಅಷ್ಟರೊಳಗೆ ಚಿತ್ರ ತೋರಿಸದಿದ್ದರೆ ಪ್ರಬಂಧ ರದ್ದು.

ಶ್ರೀಹರ್ಷ ಒಂದು ಗಂಟೆ ಹುಡುಕಿ ಕೈಚೆಲ್ಲಿದ. ಆ ಗ್ರಂಥಾಲಯದವರು ತಮ್ಮ ಜಾಲತಾಣವನ್ನೇ ಬದಲಿಸಿದ್ದರು. "ಹೋತ್ರಿ ಕಾಕಾ ಅದು," ಎಂದ.

ಪಿಂಕಿ ಹೇಳುವಂತೆ, ಹಂಪಯ್ಯನವರ ಮುಖದಲ್ಲಿ ಮರುಕ ಕಾಣಲಿಲ್ಲ. ಮದುವೆಗೆ ಕರೆ ಬಂದವರ ಕಳೆ ಇತ್ತು. ಮೂವತ್ತೊಂದು ವರ್ಷ ಮತ್ತು ನಾಲ್ಕು ವರ್ಷ ಕಾದ ಮೇಲೆ ಕೊನೆಗೊಬ್ಬರು ದೂರು ತಂದಿದ್ದರು. ಅವರು ವಹಿಯನ್ನು ಒಗೆದ ಪಂಚೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು, "ನಡೀ," ಎಂದರು. ಗೋಡೆಗೆ ಗೇಣು ದೂರದಲ್ಲಿ ಬಸ್ ನಿಲ್ದಾಣದ ತನಕ ನಡೆದರು.

ಉಷಾ ಮೇಡಂ ತೆಲುಗಿನವರು, ಮಾತಿನಲ್ಲಿ ಬಿಗಿ. ಕಾಲೇಜಿನ ಮೇಜಿನಾಚೆಯಿಂದ ವಹಿಗೆ ಕೈ ಚಾಚಿದಾಗ ಹಂಪಯ್ಯನವರು ಅದನ್ನು ಹಿಂದಕ್ಕೆಳೆದುಕೊಂಡು, "ಮೇಡಂ, ಪಹಲೇ ಹಾಥ್ ಧೋ ಲೀಜಿಯೇ," ಎಂದರು.

ಪಿಂಕಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತಂತೆ. ಮೇಡಂ ಆ ಕೋಟನ್ನು, ಆ ಪಂಚೆಯ ಗಂಟನ್ನು, ಆ ಮುಖವನ್ನು ನೋಡಿದರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು.

ತೆಲುಗು ಬಲ್ಲವರಿಗೆ ಕನ್ನಡದ ಅಕ್ಷರ ಅರ್ಧ ಪರಿಚಿತ. ಅವರು ಬೆರಳಿಟ್ಟು ಕೂಡಿಸಿ ಓದುತ್ತ ಹೋದರು, ಪಿಂಕಿ ಅರ್ಥ ಹೇಳುತ್ತ ಹೋದಳು. ಚಿತ್ರದ ಸಂಗ್ರಹದ ಸಂಖ್ಯೆ ಬಂದಾಗ ಬೆರಳು ನಿಂತಿತು. ಅದು ಪ್ರಬಂಧದಲ್ಲಿರಲಿಲ್ಲ. ಅಂಥ ಗ್ರಂಥಾಲಯಗಳಲ್ಲಿ ಓದುಗರ ಪ್ರಶ್ನೆಗೆ ಉತ್ತರಿಸುವ ಸಿಬ್ಬಂದಿ ಇರುತ್ತಾರೆಂದು ಮೇಡಂಗೆ ಗೊತ್ತಿತ್ತು. ಸಂಖ್ಯೆ ಹಾಕಿ ಅಲ್ಲಿಂದಲೇ ಮಿಂಚಂಚೆ ಕಳಿಸಿದರು.

ಶುಕ್ರವಾರ ಇಡೀ ದಿನ ಉತ್ತರವಿಲ್ಲ. ಶನಿವಾರ ಪಿಂಕಿಯೂ ಹಂಪಯ್ಯನವರೂ ಮತ್ತೆ ಮೇಡಂ ಕೋಣೆಯಲ್ಲಿ ಕಾದಿದ್ದಾಗ ಹನ್ನೊಂದಕ್ಕೆ ಉತ್ತರ ಬಂತು: ಕ್ಷಮೆ, ಹೊಸ ವಿಳಾಸ, ಚಿತ್ರ. ಹಂಪಯ್ಯನವರು ವಹಿ ಹಿಡಿದು ನಿಂತು ಓದಿದರು, ಮೇಡಂ ತೆರೆಯ ಮೇಲೆ ಎಣಿಸಿದರು. ಹೆಂಗಸರು ಏಳು. ಕಲ್ಲು ನಾಲ್ಕು. ಏಣಿಗೆ ಮೂರನೆಯ ಮೆಟ್ಟಿಲಿಲ್ಲ. ನಾಯಿ?

ನಾಯಿ ಕಾಣಲಿಲ್ಲ. ಬಲಗಡೆ ಇದ್ದದ್ದು ಮರಳಿನ ಗುಡ್ಡೆ. ಹಂಪಯ್ಯನವರು ಅಲುಗಲಿಲ್ಲ, "ಐತಿ," ಎಂದರು, ಅಷ್ಟೇ. ಮೇಡಂ ಚಿತ್ರವನ್ನು ಹಿಗ್ಗಿಸಿದರು, ಇನ್ನೂ ಹಿಗ್ಗಿಸಿದರು. ಮರಳಿನ ಗುಡ್ಡೆಗೆ ಒಂದು ಕಿವಿ ಮೂಡಿತು, ಆಮೇಲೆ ಸುರುಳಿ ಸುತ್ತಿಕೊಂಡ ಬಾಲ. ಅಷ್ಟು ಬಿಗಿಯ ಉಷಾ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಪ್ರಬಂಧವನ್ನು ಹತ್ತಿರ ಎಳೆದುಕೊಂಡು ಅಂಕ ಹಾಕಿದರು. ಕೊನೆಯ ಪುಟದಲ್ಲಿ ಪಿಂಕಿ "ಸಂಘದ ಗ್ರಂಥಾಲಯ, ಆಕರ ೪೧೨" ಎಂದಷ್ಟೇ ಬರೆದದ್ದು ಯಾವ ಪುಸ್ತಕ, ಒಮ್ಮೆ ನೋಡಬಹುದೇ ಎಂದು ಕೇಳಿದರು.

"ಅದು ಮನೀಗೆ ಒಯ್ಯೂ ಪುಸ್ತಕಲ್ಲ ಅಂತ ಹೇಳವಾ," ಎಂದರು ಹಂಪಯ್ಯನವರು. "ಶಂಶಾಬಾದಿಗೆ ಹೋಗಿ, ಅಲ್ಲೇ ಕೂತು ಓದಬೇಕು."

ಪಿಂಕಿ ಈಗ ಎಂ.ಎ. ಓದುತ್ತಿದ್ದಾಳೆ. ಶ್ರೀಹರ್ಷ ಮಸಿ ತುಂಬಿಸಿದ್ದಾನೆ. ಗುರುದೇವಿಯವರ ಸಾರು ಇನ್ನೂ ಹೋಲ್ಡ್‌ನಲ್ಲಿದೆ.

ದೇವರು ಎಲ್ಲವನ್ನೂ ಕಾಣುತ್ತಾನೆಂದು ನಂಬಿ ದೀಪ ಹಚ್ಚುವವಳು ನಾನು. ಆದರೆ ಅವನು ಕಂಡದ್ದು ಕಾಲೇಜಿನ ಮೇಜಿನ ತನಕ ಬರಬೇಕಾದರೆ ನಡುವೆ ಇಂಥವರೊಬ್ಬರು ಬೇಕೆಂದು ಈಗ ತೋರುತ್ತದೆ. ಇವರ ಜೊತೆ ಬಾಳುವುದು ಕಷ್ಟ. ಇವರಿಂದ ಬಸ್ಸು ತಪ್ಪುತ್ತದೆ, ಬಡಿಸಿದ್ದು ಆರಿಹೋಗುತ್ತದೆ, ಬಂದವರು ಬೇಸತ್ತು ಮೆಟ್ಟಿಲಿಳಿಯುತ್ತಾರೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಮೊದಲೇ ವಿಂಗಡಿಸುವ ಜಾಣತನ ಇವರಿಗೆ ಇರುವುದಿಲ್ಲ. ಕಣ್ಣೆದುರಿಗೆ ಇದ್ದದ್ದೆಲ್ಲವೂ ಇತ್ತು ಎಂದಷ್ಟೇ ಬರೆಯುತ್ತಾರೆ. ಹಾಗೆ ಬರೆದದ್ದರಿಂದ ಹೆಂಗಸರ ಪಕ್ಕದಲ್ಲಿ ನಾಯಿಯೂ ಉಳಿಯಿತು. ನಾಯಿ ಉಳಿದದ್ದರಿಂದ ಹೆಂಗಸರು.