ರಾಣಿಗೂ ಮಾಟಗಾತಿಗೂ ಒಂದೇ ಶಾಲು

ಒಂದಾನೊಂದು ರಂಗಮಂದಿರದಲ್ಲಿ ಒಬ್ಬಳು ರಾಣಿ, ಒಬ್ಬಳು ಮಾಟಗಾತಿ ಇದ್ದರಂತೆ. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಒಂದು ಕೆಂಪು ಶಾಲು. ರಾಣಿ ಸಾಯುವ ತನಕ ಮಾಟಗಾತಿ ಪರದೆಯ ಹಿಂದೆ ಚಳಿಯಲ್ಲಿ ನಡುಗುತ್ತಾ ಕಾಯಬೇಕು. ಈ ಕಥೆ ಅವರಿಬ್ಬರದಲ್ಲ. ಸತ್ತ ರಾಣಿಯ ಹೆಗಲಿನಿಂದ ಶಾಲನ್ನು ಸೆಳೆದು ಮಾಟಗಾತಿಗೆ ಹೊದಿಸುತ್ತಿದ್ದ ಹೊಲಿಗೆಯಕ್ಕನದು.

ವೇಷದ ಕೋಣೆಗೆ ಮೂವತ್ತು ವರ್ಷದಿಂದ ಅವಳೇ ಒಡತಿ. ಹದಿನೆಂಟು ತಗಡಿನ ಪೆಟ್ಟಿಗೆ, ಗೋಡೆ ತುಂಬ ಮೊಳೆ, ಕಿಟಕಿಯ ಪಕ್ಕ ಒಂದು ಹೊಲಿಗೆ ಯಂತ್ರ. ಯಾವ ಪೆಟ್ಟಿಗೆಯಲ್ಲಿ ಯಾವ ಅಂಗಿ, ಯಾವ ಅಂಗಿಗೆ ಎಷ್ಟು ಗುಂಡಿ, ಎಲ್ಲ ಅವಳಿಗೆ ಅಂಗೈ ನೆಲ್ಲಿಕಾಯಿ.

ಒಂದು ಸೋಮವಾರ ಹೊಸ ಮ್ಯಾನೇಜರು ಹೊಸ್ತಿಲಲ್ಲೇ ನಿಂತು, ಮೂಗಿಗೆ ಕರ್ಚೀಫು ಹಿಡಿದು ಹೇಳಿದ: “ಶುಕ್ರವಾರ ಸಂಜೆ ಐದರೊಳಗೆ ಇಲ್ಲಿರೋದರ ಪಟ್ಟಿ ಕಂಪ್ಯೂಟರಿಗೆ ಸೇರ್ಬೇಕು. ಎಕ್ಸ್‌ಎಂಎಲ್‌ನಲ್ಲಿ. ಪಟ್ಟೀಲಿ ಇಲ್ಲದ್ದು ಗುಜರಿಗೆ.”

“ಅದನ್ನ ಬರೆಯೋರು ಯಾರು?”

“ಯಾರಾದ್ರೂ ಓದಿದವರು ಸಿಕ್ಕಿದ್ರೆ ನೋಡೋಣ. ಸೂಜಿ ಹಿಡಿದಷ್ಟು ಸುಲಭ ಅಲ್ಲ ಅಮ್ಮಾ ಅದು.”

ಹೊಲಿಗೆಯಕ್ಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. “ನಾನೇ ಬರೀತೀನಿ. ಒಂದು ಚಿಂದೀನೂ ಬಿಡಲ್ಲ, ಒಂದು ಸುಳ್ಳೂ ಸೇರಿಸಲ್ಲ. ಶುಕ್ರವಾರ ಬನ್ನಿ.”

ಮರುದಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ತಂಗಿಯ ಮಗಳು ಲ್ಯಾಪ್‌ಟಾಪ್ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು.

“ಇದೇನೂ ಬ್ರಹ್ಮವಿದ್ಯೆ ಅಲ್ಲ ದೊಡ್ಡಮ್ಮಾ. ಯಾವುದರೊಳಗೆ ಏನಿದೆ ಅಂತ ಕಂಪ್ಯೂಟರಿಗೆ ಹೇಳೋ ರೀತಿ, ಅಷ್ಟೆ. ಹೆಸರು ಬರೆದು ತೆರೀಬೇಕು. ಅದೇ ಹೆಸರಿನ ಮುಂದೆ ಒಂದು ಓರೆಗೆರೆ ಎಳೆದು ಮುಚ್ಬೇಕು. ಇದಕ್ಕೆ ಟ್ಯಾಗ್ ಅಂತಾರೆ.” ಬೆರಳಾಡಿಸಿ ತೋರಿಸಿದಳು:

<ಪೆಟ್ಟಿಗೆ><ಅಂಗಿ>ನೀಲಿ ರೇಷ್ಮೆ</ಅಂಗಿ></ಪೆಟ್ಟಿಗೆ>

“ಹೆಸರು ಇಡೋದು ಯಾರು?”

“ನಾವೇ. ನಮ್ಮ ಮಾತಲ್ಲೇ. ಹೆಸರಿನ ನಡುವೆ ಜಾಗ ಬಿಡಬಾರದು. ಒಳಗಿನದನ್ನ ಮೊದಲು ಮುಚ್ಚಿ, ಆಮೇಲೆ ಹೊರಗಿನದು.”

“ಅದನ್ನೂ ನನಗೆ ಹೇಳ್ಕೊಡ್ತೀಯಾ? ಗುಂಡಿ ಡಬ್ಬಿ ಮುಚ್ಚದೆ ಪೆಟ್ಟಿಗೆ ಮುಚ್ಚಿದವರಿಗೆಲ್ಲ ನಾನು ಮಾಡಿರೋ ಮಂಗಳಾರತಿ ಈ ಗೋಡೆಗಳಿಗೆ ಗೊತ್ತು!”

“ಎಲ್ಲಕ್ಕೂ ಹೊರಗೆ ಒಂದೇ ಒಂದು ಟ್ಯಾಗ್ ಇರ್ಬೇಕು.”

“ಇದೆಯಲ್ಲ, ಈ ಕೋಣೆ.”

ಎರಡೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ, ಅವಳು ಕುಟ್ಟಿದಳು. ಸೊಂಟಪಟ್ಟಿಯೊಳಗೆ ಬಕಲ್ಲು, ಕಿರೀಟದೊಳಗೆ ಉದುರಿದ ಹರಳು. ಗುರುವಾರಕ್ಕೆ ಹದಿನಾರು ಪೆಟ್ಟಿಗೆ ಮುಗಿದವು. ಉಳಿದದ್ದು ರಾಣಿಯದು, ಮಾಟಗಾತಿಯದು.

ಶುಕ್ರವಾರ ಮಧ್ಯಾಹ್ನ ಅವಳು ರಂಗದ ಮೇಲೆ ನಡೆಯುವಂತೆಯೇ ಬರೆದಳು. ರಾಣಿಯನ್ನು ತೆರೆದಳು, ಅವಳೊಳಗೆ ಶಾಲನ್ನು ತೆರೆದಳು. ರಾಣಿ ಸತ್ತಳು, ರಾಣಿಯನ್ನು ಮುಚ್ಚಿದಳು. ಮಾಟಗಾತಿಯನ್ನು ತೆರೆದಳು. ಆಮೇಲೆ ಶಾಲನ್ನು ಮುಚ್ಚಿದಳು. ಲ್ಯಾಪ್‌ಟಾಪ್ ಪರದೆಯ ಮೇಲೆ ತಪ್ಪು ಎನ್ನುವ ಕೆಂಪು ಗೆರೆ ಬಿತ್ತು. ಪಟ್ಟಿ ಕಳಿಸುವ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದೇ ಗೆರೆ.

“ರಾಣಿಯೊಳಗೆ ತೆರೆದದ್ದನ್ನ ಮಾಟಗಾತಿಯೊಳಗೆ ಮುಚ್ಚೋ ಹಾಗಿಲ್ಲ ದೊಡ್ಡಮ್ಮಾ. ಒಂದಕ್ಕೆ ಒಂದೇ ಮನೆ.”

ನಾಲ್ಕೂವರೆಗೆ ಮ್ಯಾನೇಜರು ಬಂದ. ಗೆರೆ ಕಂಡು ಅವನ ಮುಖ ಅರಳಿತು. “ರಾಣಿ ಹೆಸರಿಗೆ ಬರೆದು ಮುಗಿಸಿ. ಮಾಟಗಾತಿಗೆ ಶಾಲು ಇಲ್ದಿದ್ರೆ ಆಕಾಶ ಕಳಚಿ ಬೀಳುತ್ತಾ?”

“ಚಳಿ ಆಗುತ್ತೆ,” ಎಂದಳು ಹೊಲಿಗೆಯಕ್ಕ.

“ಎರಡು ಕಡೆ ಬರೆದ್ರೆ?” ಎಂದಳು ಹುಡುಗಿ ಮೆಲ್ಲಗೆ.

“ಇರೋದು ಒಂದು. ಇನ್ನೊಂದೆಲ್ಲಿ ಅಂತ ನಾಳೆ ಇವರೇ ನನಗೆ ಕಳ್ಳಿ ಪಟ್ಟ ಕಟ್ತಾರೆ.”

“ಇಷ್ಟು ಹಟ ಒಳ್ಳೇದಲ್ಲಮ್ಮ.”

“ಹಟಾನೇ ಸ್ವಾಮಿ. ಮೂವತ್ತು ವರ್ಷ ಗೆದ್ದಲನ್ನೇ ಒಳಗೆ ಬಿಟ್ಟಿಲ್ಲ, ಇನ್ನು ಸುಳ್ಳನ್ನ ಬಿಡ್ತೀನಾ?”

ಹಾಗೆಂದು ಅವಳು ಗೋಡೆಯತ್ತ ತಿರುಗಿದಳು. ರಾಣಿಯ ಪೆಟ್ಟಿಗೆಗೂ ಮಾಟಗಾತಿಯ ಪೆಟ್ಟಿಗೆಗೂ ನಡುವೆ, ಮೊಳೆಯ ಮೇಲೆ, ಶಾಲು ತೂಗುತ್ತಿತ್ತು. ಮೂವತ್ತು ವರ್ಷದಿಂದ ಅಲ್ಲೇ.

“ಅಯ್ಯೋ, ಅದು ಯಾರ ಪೆಟ್ಟಿಗೇಲೂ ಇಲ್ಲ ಕಣೇ! ಮೊಳೆ ಮೇಲಿದೆ. ಅಲ್ಲಿದ್ದ ಹಾಗೇ ಬರೆದು, ಇಬ್ಬರ ಹತ್ರನೂ ‘ಮೊಳೆ ನೋಡು’ ಅಂತ ಹೇಳೋಕಾಗಲ್ವಾ?”

ಹುಡುಗಿಯ ಕಣ್ಣು ಮಿಂಚಿತು. “ಆಗುತ್ತೆ! ತೆರೆಯೋ ಟ್ಯಾಗಿನಲ್ಲೇ ಅದಕ್ಕೊಂದು ಗುರುತು ಕೊಡಿ.”

<ಮೊಳೆ><ಶಾಲು ಗುರುತು="ಕೆಂಪು-೧">ಉಣ್ಣೆ, ಅಂಚು ಹರಿದಿದೆ</ಶಾಲು></ಮೊಳೆ>

ರಾಣಿಯೊಳಗೆ <ನೋಡು>ಕೆಂಪು-೧</ನೋಡು>. ಮಾಟಗಾತಿಯೊಳಗೂ ಅದೇ. ಒಳಗಿನದೆಲ್ಲ ಮುಚ್ಚಿ, ಕೊನೆಗೆ ಕೋಣೆಯನ್ನೇ ಮುಚ್ಚುವ ಟ್ಯಾಗನ್ನು ಅವಳು ಒಂದೊಂದೇ ಅಕ್ಷರ ಕುಟ್ಟಿ ಬರೆದಳು. ಗುಂಡಿ ಒತ್ತಿದಳು.

ಕೆಂಪು ಗೆರೆ ಬರಲಿಲ್ಲ. ‘ಪಟ್ಟಿ ಸ್ವೀಕರಿಸಲಾಗಿದೆ’ ಎಂದಿತು ಪರದೆ. ಐದಕ್ಕೆ ಇನ್ನೂ ಆರು ನಿಮಿಷವಿತ್ತು.

“ಯಾರು ಹೇಳ್ಕೊಟ್ಟಿದ್ದು ಈ ಉಪಾಯ?” ಎಂದ ಮ್ಯಾನೇಜರು.

ಹೊಲಿಗೆಯಕ್ಕ ಡಬ್ಬಿಯಿಂದ ಗುಂಡುಸೂಜಿಗಳನ್ನು ತೆಗೆದು ಮತ್ತೆ ತುಟಿಗೆ ಕಚ್ಚಿಕೊಂಡಳು. ಬಾಯಿ ತುಂಬ ಸೂಜಿ ಇರುವವರು ಉತ್ತರ ಕೊಡಬೇಕಾಗಿಲ್ಲ. ಮೊಳೆಯಿಂದ ಶಾಲನ್ನು ಇಳಿಸಿ, ಹರಿದ ಅಂಚನ್ನು ಹೊಲಿಯಲು ಕೂತಳು.